ಅಂಗೈಯ ಪೊರೆ

ಸುರೇಬಾನ,
28 ಜೂನ್ 2024

ನಮ್ಮ ಮನೆಯವರಿಗೆ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ಸುತ್ತ ನಾಲ್ಕು ಮಂದಿ ಇರುತ್ತಾರೆ. ಇದು ನಾಲ್ಕು ಮಂದಿ ಕೇಳುವ ಮಾತಲ್ಲ. ಮನೆಯ ವಿಳಾಸಕ್ಕೆ ಹಾಕಿದರೆ ಅತ್ತೆಯವರು ಯಾರ ಕೈಯಲ್ಲಾದರೂ ಓದಿಸುತ್ತಾರೆ. ಅದಕ್ಕೇ ನಿಮ್ಮ ಟೆಂಪೋ ನಿಲ್ಲುವ ಕಡೆ, ಬೈಲಹೊಂಗಲ ಮಾರ್ಕೆಟ್ಟಿನ ಲಗಮಪ್ಪನವರ ಚಹಾದಂಗಡಿಗೆ ಹಾಕುತ್ತಿದ್ದೇನೆ. ಅವರು ಒಡೆದು ಓದುವವರಲ್ಲ.

ಸಾಲಿಯಲ್ಲಿ ಪತ್ರ ಬರೆಯುವುದು ಕಲಿಸುವಾಗ, ಮೊದಲು ಎಲ್ಲರೂ ಸುಖವಾಗಿದ್ದೇವೆ ಅಂತ ಬರೆಯಬೇಕು ಅಂದಿದ್ದರು. ಅದನ್ನು ಬಿಟ್ಟು ಮುಂದೆ ಬರೆಯುತ್ತೇನೆ.

ಕೂಸು ಮೂರು ದಿನ ಇತ್ತು. ಕಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೂಗಿನಲ್ಲಿ ನಳಿಗೆ, ಅದರ ಮೇಲೆ ಪಟ್ಟಿ, ಕಣ್ಣಿಗೆ ಅರಿವೆ. ನನಗೆ ಮುಖ ಕಾಣಲೇ ಇಲ್ಲ. ಪೆಟ್ಟಿಗೆಗೆ ಒಂದು ದುಂಡನೆಯ ಕಿಂಡಿ ಇತ್ತು, ಅದರೊಳಗೆ ಬೆರಳು ಹಾಕು ಅಂದರು, ಹಾಕಿದೆ. ಅದು ಹಿಡಿದುಕೊಂಡಿತು. ಅಂಗೈ ಚರ್ಮ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಏಳುತ್ತಿತ್ತು. ಅಂಗಾಲೂ ಹಾಗೇ. ಜೀವ ಹೋದ ಮೇಲೆ ಪಟ್ಟಿ ತೆಗೆದರಂತೆ. ಹಸಿ ಬಾಣಂತಿಗೆ ತೋರಿಸಬಾರದು ಎಂದು ನನ್ನನ್ನು ಒಳಗೇ ಕೂಡಿಸಿದರು. ನೀವು ಬಂದಾಗ ಬಟ್ಟೆಯಲ್ಲಿ ಸುತ್ತಿತ್ತು. ನೀವು ಮುಖ ಅಷ್ಟೇ ನೋಡಿದಿರಿ. ನಾನು ಕೈ ಅಷ್ಟೇ ನೋಡಿದೆ.

ಆ ಕೈ ನೋಡಿ ಅತ್ತೆಯವರು, "ಯವ್ವಾ, ಹಾವ ಪೊರಿ ಬಿಟ್ಟಂಗ ಬಿಟ್ಟೈತಲ್ಲ. ಸುಗ್ಗ್ಯಾಗ ಕಬ್ಬಿನ ಟ್ರ್ಯಾಕ್ಟರ್ ಗಾಲಿಗೆ ನಾಗಪ್ಪ ಸಿಕ್ಕಿದ್ದ, ಅವನ ಬಂದ ಕುಂತಾನ" ಎಂದು ಅತ್ತರು. ನೀವೂ ಕೇಳಿದಿರಿ.

ಡಾಕ್ಟರ್ ಬಾಯಿಯವರು ಬೇರೆ ಕೇಳಿದರು. "ಇದರ ಅಪ್ಪಗ ಕೈಯಾಗ ಎಂದರ ಹಿಂಗ ಏನರೆ ಆಗಿತ್ತೇನವಾ?"

ಇಲ್ಲ ಎಂದೆ. ಎಂದ ಮೇಲೆ ನೆನಪಾಯಿತು. ನನ್ನ ಕುಬಸದ ದಿನ. ಹಸಿರು ಸೀರೆ ಉಡಿಸಿ, ಏಳು ತಿಂಗಳ ಬಸುರಿಯನ್ನು ಮಣೆಯ ಮೇಲೆ ಕೂಡಿಸಿ, ಗಂಡನ ಹೆಸರು ಒಡಪಿನಲ್ಲಿ ಹೇಳು ಎಂದು ಎಲ್ಲರೂ ಗಂಟುಬಿದ್ದಿದ್ದರು. ನಾನು ಹೇಳಿದೆ:

ಹಸರ ಬಳಿ ಕೈತುಂಬ, ಹೂವಿನ ದಂಡಿ ತಲಿತುಂಬ,
ಅರ್ಜುನರಾಯರು ನಕ್ಕರ ನನಗ ಹೊಟ್ಟಿತುಂಬ.

ಎಲ್ಲರೂ ಓ ಎಂದರು. ನೀವು ನಕ್ಕು ಹೋಳಿಗೆ ಮುರಿದು ನನ್ನ ಬಾಯಿಗೆ ಇಟ್ಟಿರಿ. ಆಗ ನಿಮ್ಮ ಅಂಗೈ ನನ್ನ ಕಣ್ಣಿಗೆ ಅಷ್ಟು ಹತ್ತಿರ ಬಂದಿತ್ತು. ತಾಮ್ರದ ಬಣ್ಣದ ಚುಕ್ಕೆಗಳು. ಇದೇನು ಎಂದು ಸಣ್ಣಗೆ ಕೇಳಿದ್ದಕ್ಕೆ, "ಡೀಸಲ್ಲಿನ ಕೈ, ಉಷ್ಣಾಗೇತಿ" ಎಂದಿದ್ದಿರಿ. ತುರಿಕೆ ಇಲ್ಲ, ನೋವಿಲ್ಲ ಎಂದಿರಿ.

ಅದು ಡೀಸಲ್ ಅಲ್ಲ. ಅದರ ಹೆಸರು ಸಿಫಿಲಿಸ್. ಹಿಂದಿನವರು ಗರ್ಮಿ ರೋಗ ಅನ್ನುತ್ತಿದ್ದರಂತೆ. ಮೈ ಕೂಡಿದಾಗ ದಾಟುವ ರೋಗ. ನನ್ನ ರಕ್ತದಲ್ಲಿ ಇದೆ, ಕೂಸಿನ ರಕ್ತದಲ್ಲೂ ಇತ್ತು. ಡಾಕ್ಟರ್ ಬಾಯಿ ಹೇಳಿದರು, "ಇದು ಹೋಗೇ ಬಿಟ್ಟಿತ್ತವಾ. ನಾ ಕಲಿಯೂ ಮುಂದ ಪುಸ್ತಕದಾಗಷ್ಟ ನೋಡಿದ್ದೆ. ಈಗೀಗ ಮತ್ತ ಬರಾಕತ್ತೈತಿ." ಬಸುರಿನ ಮೂರನೇ ತಿಂಗಳಲ್ಲಿ ನನ್ನ ರಕ್ತ ನೋಡಿದಾಗ ಏನೂ ಇರಲಿಲ್ಲ, ತಾಯಿ ಕಾರ್ಡಿನಲ್ಲಿ ಬರೆದಿದೆ. ಬಂದದ್ದು ಆಮೇಲೆ. ಆಮೇಲೆ ಎಂದರೆ ಯಾವಾಗ ಎಂದು ನನಗೆ ಗೊತ್ತಿದೆ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋಗಿದ್ದ ನೀವು ಸುಗ್ಗಿಯ ನಡುವೆ ಸಂಕ್ರಾಂತಿಗೆ ಮನೆಗೆ ಬಂದಿದ್ದಿರಿ.

ನನಗೆ ಸೂಜಿ ಶುರು ಮಾಡಿದ್ದಾರೆ. ನಿಮಗೂ ಬೇಕು. ಇನ್ನೊಂದು ರಕ್ತಪರೀಕ್ಷೆಯೂ ಇದೆ. ಅದನ್ನು ಎದುರಿಗೆ ಹೇಳುತ್ತೇನೆ. ನೀವು ರಾಮದುರ್ಗದ ಆಸ್ಪತ್ರೆಗೆ ಬನ್ನಿ. ನಾನು ಯಾರಿಗೂ ಹೇಳಿಲ್ಲ, ಅವ್ವನಿಗೂ.

ನಿಮ್ಮ
ಮಹಾನಂದಾ


ಸುರೇಬಾನ,
19 ಜುಲೈ 2024

ನಮ್ಮ ಮನೆಯವರಿಗೆ,

ಪತ್ರ ಮುಟ್ಟಿದೆಯೋ ಇಲ್ಲವೋ ತಿಳಿಯಲಿಲ್ಲ. ಮುಟ್ಟಿದೆ ಎಂದೇ ಬರೆಯುತ್ತಿದ್ದೇನೆ.

ನನ್ನ ಸೂಜಿ ಮುಗಿದವು. ವಾರಕ್ಕೊಂದರಂತೆ ಟೊಂಕದ ಕೆಳಗೆ ಕೊಟ್ಟರು. ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ, ಸುರೇಬಾನದವರೆಗೆ ನಿಂತೇ ಬರುತ್ತಿದ್ದೆ. ಕಂಡಕ್ಟರ್, "ಸೀಟ್ ಖಾಲಿ ಐತಲ್ರಿ ಅಕ್ಕಾರ, ಅದರ ಮ್ಯಾಲ ಏನ್ ದೇವರ ಕುಂತಾನೇನ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವ್ವ ಬಾಣಂತನ ಬಿಟ್ಟಿಲ್ಲ. ಬಿಸಿನೀರು ಎರೆಯುತ್ತಾಳೆ, ಹೊರಸಿನ ಕೆಳಗೆ ಕೆಂಡ ಇಡುತ್ತಾಳೆ. ಅಂಟಿನುಂಡಿ ಕಟ್ಟಿದ್ದಾಳೆ. ಕೂಸಿಲ್ಲದವಳಿಗೆ ಇದೆಲ್ಲ ಯಾಕೆ ಎಂದರೆ, "ಹಡದ ಮೈ ಹಡದದ್ದ ಅಲ್ಲೇನ" ಎನ್ನುತ್ತಾಳೆ. ಹಾಲು ಬತ್ತಲಿ ಎಂದು ಎದೆಗೆ ಮಲ್ಲಿಗೆ ಹೂವು ಕಟ್ಟಿದಳು. ಬತ್ತಿತು. ಈಗ ಮಲ್ಲಿಗೆಯ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತೇನೆ. ಅವ್ವ ಹೂವಾಡಗಿತ್ತಿಯನ್ನು ಬಾಗಿಲಿನಿಂದಲೇ ಕಳಿಸುತ್ತಾಳೆ.

ತಾಲೂಕಾ ಆಸ್ಪತ್ರೆಯಲ್ಲಿ ಸಮಾಲೋಚನೆ ಮಾಡುವ ಹುಡುಗಿ ಒಬ್ಬಳಿದ್ದಾಳೆ, ಮಂಜುಳಾ ಅಂತ. ಗಂಡನ ಹೆಸರು ಏನು ಎಂದು ಕೇಳಿದಳು. ಬಾಯಿಬಿಟ್ಟು ಹೇಳಿ ರೂಢಿ ಇಲ್ಲ. "ಒಡಪು ಹಾಕಿನ ಹೇಳ್ರಿ, ನಡೀತೈತಿ" ಎಂದು ನಕ್ಕಳು. ಒಡಪು ಬಾಯಿಗೆ ಬರಲಿಲ್ಲ. ಕೊನೆಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ಓದಿ, "ಇವ್ರು ಯಾವಾಗ ಬರ್ತಾರ?" ಎಂದಳು. ಬರುತ್ತಾರೆ ಎಂದೆ. ಪ್ರತಿ ಸಲ ಕೇಳುತ್ತಾಳೆ, ಪ್ರತಿ ಸಲ ಹಾಗೇ ಹೇಳುತ್ತೇನೆ.

ಯಾರೂ ಕರೆಯಲು ಬಾರದೆ ಹೆಣ್ಣುಮಗಳು ತಾನೇ ಗಂಟು ಹೊತ್ತು ಗಂಡನ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅದು ಇದ್ದಿದ್ದರೆ ಬಂದು ನಿಮ್ಮ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದೆ. ಕರೆಯುವುದು ಆಮೇಲಾಗಲಿ. ಮೊದಲು ಸೂಜಿ ಮಾಡಿಸಿಕೊಳ್ಳಿ.

ನಿಮ್ಮ
ಮಹಾನಂದಾ


ಬೈಲಹೊಂಗಲ,
2 ಆಗಸ್ಟ್ 2024

ಮಹಾನಂದಾಗ,

ನಿನ್ನ ಎರಡೂ ಕಾಗದ ಬಂದಾವು. ಲಗಮಪ್ಪ ಕೊಡೂ ಮುಂದ, "ಏನೋ ಅರ್ಜ್ಯಾ, ಈ ಕಾಲದಾಗ ಕಾಗದ? ಯಾವ ಹಳೇ ಲಫಡಾ ಇದು?" ಅಂದ. ಹೆಂಡತೀದು ಅಂದ್ರ ನಂಬಲಿಲ್ಲ.

ನನಗ ಬರಿಯಾಕ ಬರೂದಿಲ್ಲ. ಆದ್ರೂ ಹೇಳ್ತೇನಿ. ಸುಗ್ಗ್ಯಾಗ ಒಂದ ಹುಣ್ಣ ಆಗಿತ್ತು, ಖರೆ. ನೋವಿಲ್ಲ, ಕೀವಿಲ್ಲ. ಗಾಡಿಯವ್ರು ನೋಡಿ ಉಷ್ಣ ಅಂದ್ರು. ಇಪ್ಪತ್ನಾಕ ತಾಸ ಇಂಜಿನ್ನಿನ ಮ್ಯಾಲ ಕುಂತವರಿಗೆ ಆಗ್ತೈತಿ ಅಂದ್ರು. ಕಾಮಕಸ್ತೂರಿ ಬೀಜ ನೆನಸಿ ಕುಡದೆ, ನೆತ್ತಿಗೆ ಔಡಲೆಣ್ಣಿ ಹಾಕ್ಕೊಂಡೆ. ತಾನ ಮಾಯ್ತು. ಕೈಯಾಗಿನವೂ ತಾವ ಹೋದವು. ಮಾದ ಮ್ಯಾಲ ಸೂಜಿ ಯಾಕ? ಇಲ್ಲದ್ದಕ್ಕ ಯಾರರೆ ಔಷಧ ಮಾಡ್ತಾರೇನ?

ಹಾವು ಸತ್ತದ್ದ ನಾಕ ಮಂದಿ ನೋಡ್ಯಾರ. ಅದ ಹೆಡಿ ಎತ್ತಿತ್ತು, ನಾ ಬ್ರೇಕ್ ಹಾಕಿದೆ, ಹಿಂದಿನ ಟ್ರೇಲರ್ ದೂಡಿತು. ಅವ್ವ ಹೇಳೂದ ಸುಳ್ಳಿರಲಿಕ್ಕಿಲ್ಲ. ಪಂಚಮಿ ಆದ ಮ್ಯಾಲ ಕಿತ್ತೂರ ದಾಟಿ ದೇಗಾಂವಕ್ಕ ಹೋಗಿ ದಿಗಂಬರ ಭಟ್ಟರ ಕೈಲೆ ಶಾಂತಿ ಮಾಡಸೂದೈತಿ. ಅದ ಆದ ಮ್ಯಾಲ ಮುಂದಿಂದ ನೋಡೂಣ.

ಇಂಥಾದ್ದನ್ನೆಲ್ಲ ಕಾಗದದಾಗ ಬರಿಬ್ಯಾಡ.

ಅರ್ಜುನ


ಸುರೇಬಾನ,
12 ಆಗಸ್ಟ್ 2024

ನಮ್ಮ ಮನೆಯವರಿಗೆ,

ಬರೆಯಬೇಡ ಎಂದಿದ್ದೀರಿ. ನಿಮ್ಮ ಒಂದು ಕಾಗದವಾದರೂ ಬಂತಲ್ಲ ಎಂದು ನನಗೆ ಸಮಾಧಾನ. ಅದಕ್ಕೇ ಬರೆಯುತ್ತಿದ್ದೇನೆ.

ಪಂಚಮಿ ಆಯಿತು. ಗಂಡನ ಮನೆಗೆ ಹೋದ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದರು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಒಬ್ಬ ಹುಡುಗಿ, "ಮಾನಂದಕ್ಕಾ, ಬಾರಽ, ನಿಂದ ಪಾಳಿ" ಎಂದು ಕೂಗಿದಳು. ಅವಳ ತಾಯಿ ಅವಳ ರಟ್ಟೆ ಹಿಡಿದು ಜಗ್ಗಿದ್ದು ನನಗೆ ಕಾಣಿಸಿತು. ಹುತ್ತಕ್ಕೆ ಹಾಲೆರೆಯಲು ಹೋಗುವಾಗ ನಮ್ಮ ಬಾಗಿಲು ದಾಟಿ ಹೋದರು, ಕರೆಯಲಿಲ್ಲ. ನಾಗಪ್ಪನ ಶಾಪದ ಸುದ್ದಿ ಬೈಲಹೊಂಗಲದಿಂದ ಇಲ್ಲಿಗೂ ಬಂದಿದೆ. ನಾನು ಒಳಗೆ ಕುಳಿತು ಅವ್ವ ಮಾಡಿದ ತಂಬಿಟ್ಟು ತಿಂದೆ. ರುಚಿಯಾಗಿತ್ತು. ಅದಕ್ಕೇ ಅಳು ಬಂತು.

ಮಾದ ಮೇಲೆ ಸೂಜಿ ಯಾಕೆ ಎಂದು ಕೇಳಿದ್ದೀರಿ. ನಾನೂ ಮಂಜುಳಾಗೆ ಅದನ್ನೇ ಕೇಳಿದೆ. ಹುಣ್ಣು ಮಾಯುವುದೇ ಈ ರೋಗದ ಗುಣವಂತೆ. ಏನೂ ಹಚ್ಚದಿದ್ದರೂ ಮಾಯುತ್ತದೆ, ಕಾಮಕಸ್ತೂರಿ ಕುಡಿದರೂ ಮಾಯುತ್ತದೆ. ಆಮೇಲೆ ಅಂಗೈಗೆ ಬಂದು ಅದೂ ಹೋಗುತ್ತದೆ. ಹೋಯಿತು ಎಂದುಕೊಳ್ಳುತ್ತೇವೆ. ಅದು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿರುತ್ತದೆ. ವರ್ಷಗಳ ಮೇಲೆ ಎದ್ದು ಕಣ್ಣಿಗೆ, ತಲೆಗೆ, ಎದೆಗೆ ಬರುತ್ತದೆ. ಸೂಜಿ ಮಾಡಿಸಿದರೆ ಪೂರಾ ಹೋಗುತ್ತದೆ. ಇಷ್ಟು ಸರಳ ಇದೆ, ಆದರೆ ಬಂದು ಮಾಡಿಸಿಕೊಳ್ಳಬೇಕು.

ಎದುರಿಗೆ ಹೇಳುತ್ತೇನೆ ಎಂದಿದ್ದ ಇನ್ನೊಂದು ಮಾತು ಇದು. ನೀವು ಎದುರಿಗೆ ಬರುತ್ತಿಲ್ಲ, ಬರೆದೇ ಹೇಳಬೇಕು. ಆ ಹುಣ್ಣು ಇರುವಾಗ ಮೈ ಬಾಗಿಲು ತೆರೆದಂತೆ. ಎಚ್.ಐ.ವಿ. ಬರುವುದಕ್ಕೆ ಅದು ಸಲೀಸು ದಾರಿ. "ಇವೆರಡೂ ಜೋಡಿ ಎತ್ತಿದ್ದಂಗ ಅಕ್ಕಾರ. ಒಂದ ಕಂಡ್ರ ಇನ್ನೊಂದ ಎಲ್ಲೈತಿ ಅಂತ ಹುಡುಕಬೇಕು" ಎಂದಳು ಮಂಜುಳಾ. ನನ್ನದು ಹೆರಿಗೆಯಲ್ಲಿ ನೋಡಿದಾಗ ಇಲ್ಲ ಎಂದು ಬಂತು. ಕೆಲವು ಸಲ ಅದು ತಡವಾಗಿ ತೋರಿಸುತ್ತದಂತೆ, ಮೂರು ತಿಂಗಳ ಮೇಲೆ ಮತ್ತೆ ನೋಡಬೇಕು. ಸೆಪ್ಟೆಂಬರಿನಲ್ಲಿ ಹೋಗುತ್ತೇನೆ. ಅಲ್ಲಿಯವರೆಗೆ ದಿನಾ ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತೇನೆ. ನಾಲಿಗೆಯಲ್ಲಿ ಏನೂ ತಿಳಿಯುವುದಿಲ್ಲ ಎಂದು ಗೊತ್ತು.

ನಿಮ್ಮ ರಕ್ತ ನೋಡಿದವರಿಲ್ಲ.

ಶಾಂತಿ ಮಾಡಿಸಿ, ಬೇಡ ಅನ್ನುವುದಿಲ್ಲ. ದೇವರಿಗೂ ಡಾಕ್ಟರಿಗೂ ಜಗಳವಿಲ್ಲ. ಅಲ್ಲಿಗೆ ಹೋಗಿ ಬಂದ ಮೇಲಾದರೂ ಆಸ್ಪತ್ರೆಗೆ ಹೋಗಿ.

ಯಾರು, ಎಲ್ಲಿ, ಎಷ್ಟು ಸಲ ಎಂದು ನಾನು ಕೇಳಿಲ್ಲ. ಗಮನಿಸಿದ್ದೀರೋ ಇಲ್ಲವೋ.

ಮಹಾನಂದಾ


ಸುರೇಬಾನ,
20 ಸೆಪ್ಟೆಂಬರ್ 2024

ನಮ್ಮ ಮನೆಯವರಿಗೆ,

ಮೊದಲು ಒಂದು ಸುದ್ದಿ. ನನ್ನ ಎರಡನೇ ಪರೀಕ್ಷೆ ಆಯಿತು. ಇಲ್ಲ. ನನ್ನಲ್ಲಿ ಎಚ್.ಐ.ವಿ. ಇಲ್ಲ. ಕಾಗದ ಕೈಗೆ ಕೊಟ್ಟಾಗ ಸಂತೋಷವಾಗಬೇಕಿತ್ತು. ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಇದನ್ನು ಯಾರಿಗೆ ಹೇಳಲಿ ಎಂದು ಯೋಚಿಸಿದೆ. ಹೇಳಲು ಯಾರೂ ಸಿಗಲಿಲ್ಲ. ಎದುರಿಗೆ ಕಲ್ಲಂಗಡಿ ಮಾರುವವನಿದ್ದ, ಒಂದು ತುಂಡು ತಿಂದು ಬಸ್ಸು ಹತ್ತಿದೆ. ಕೂತೇ ಬಂದೆ.

ಈಗ ಇನ್ನೊಂದು. ಅತ್ತೆಯವರು ನಿಮಗೆ ಮುನವಳ್ಳಿಯಲ್ಲಿ ಹೆಣ್ಣು ನೋಡಿದ್ದಾರೆ ಎಂದು ನನ್ನ ತಮ್ಮ ಸುನೀಲ ರಾಮದುರ್ಗದ ಸಂತೆಯಲ್ಲಿ ಕೇಳಿಕೊಂಡು ಬಂದ. ನನ್ನಿಂದ ಸೋಡಚೀಟಿ, ಬಿಡುಗಡೆಯ ಕಾಗದ, ಬರೆಸಿಕೊಂಡು ಲಗ್ನ ಮಾಡುತ್ತಾರಂತೆ. "ಮಾಡ್ಕೊಳ್ಳಿ ಬಿಡಕ್ಕ, ಪೀಡಾ ಹೋತು. ಸೋಡಚೀಟಿ ಒಗಿ ಮಾರೀಮ್ಯಾಲ" ಎಂದ ಸುನೀಲ. ಅವನಿಗೆ ಗೊತ್ತಿಲ್ಲ. ನಮ್ಮಿಬ್ಬರನ್ನು ಬಿಟ್ಟು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನನ್ನು ಬಿಡುವುದಾದರೆ ಬಿಡಿ. ಆದರೆ ನನಗೆ ಆ ರಾತ್ರಿ ಕೂಸಿನ ಕೈ ಕಾಣಿಸಿತು.

ಮರುದಿನ ಅವ್ವನಿಗೆ ಆಸ್ಪತ್ರೆ ಎಂದು ಹೇಳಿ, ರಾಮದುರ್ಗದಲ್ಲಿ ಬಸ್ಸು ಬದಲಿಸಿ ಮುನವಳ್ಳಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಹುಡುಗಿ ಹೆಸರುಕಾಳು ಕೇರುತ್ತಿದ್ದಳು. ಪಕ್ಕದಲ್ಲಿ ಅವಳ ಅಜ್ಜಿ. ಬಿಸಿಲಲ್ಲಿ ಬಂದೆ, ನೀರು ಕೊಡಿ ಎಂದೆ. ಹುಡುಗಿ ಮೊರ ಇಟ್ಟು ಎದ್ದು ಹೋದಳು. ಬೆಲ್ಲದ ತುಂಡನ್ನೂ ತಂದಳು.

"ಯಾವೂರವ್ವಾ?" ಎಂದಿತು ಮುದುಕಿ.

"ಸುರೇಬಾನದ ಕಡೆ."

"ಹಂಗಾರ ನಿನಗ ಗೊತ್ತಿದ್ದೀತು. ನಮ್ಮ ಸಪ್ನಾಗ ಬೈಲಹೊಂಗಲದ ವರ ಬಂದೈತಿ. ಟೆಂಪೋ ಐತಿ, ಟ್ರ್ಯಾಕ್ಟರ್ ಹೊಡಿತಾನ. ಮದಲಿನಾಕಿ ನಿಮ್ಮೂರಾಕಿನ ಅಂತ. ಹಾವಿನ ಸಾಪ ಆಕಿಗೆ. ಕೂಸ ಪೊರಿ ಬಿಟಗೊಂಡ ಹುಟ್ಟಿತ್ತಂತ. ಪಾಪ, ತವರಾಗ ಬಿದ್ದಾಳಂತ. ನೋಡಿಯೇನ ಆಕೀನ್ನ?"

"ನೋಡೇನ್ರಿ" ಎಂದೆ.

"ಹೆಂಗದಾಳ?"

"ಎಲ್ಲಾರಂಗ ಅದಾಳ್ರಿ."

ಹುಡುಗಿ ಅಜ್ಜಿಗೆ ಸಿಡುಕಿದಳು. "ಆಯಿ, ಸುಮ್ಕಿರ ನೀ. ಆಕಿ ಏನಂತಾಳೋ ಯಾರರೆ ಕೇಳ್ಯಾರ?" ಹಾಗೆಂದು ನನ್ನ ಕೈಯಿಂದ ಚೆಂಬು ಇಸಿದುಕೊಂಡಳು. ಅವಳ ಅಂಗೈ ನೋಡಿದೆ. ಕಾಳಿನ ಧೂಳು ಬಿಟ್ಟರೆ ಏನೂ ಇರಲಿಲ್ಲ. ಸ್ವಚ್ಛ ಕೈ.

ಹೇಳಬೇಕೆಂದೇ ಹೋಗಿದ್ದೆ. ಹೇಳಲಾಗಲಿಲ್ಲ. ನಿಮ್ಮ ಮಾನ ಕಳೆಯಬಾರದೆಂದೋ, ನನ್ನದು ಕಳೆದೀತೆಂದೋ ಗೊತ್ತಿಲ್ಲ. ಬಸ್ಸಿನಲ್ಲಿ ಆ ಬೆಲ್ಲ ಬಾಯಲ್ಲಿ ಕರಗುವವರೆಗೂ ಅವಳ ಮಾತೇ ತಲೆಯಲ್ಲಿತ್ತು. ಆಕಿ ಏನಂತಾಳೋ ಯಾರರೆ ಕೇಳ್ಯಾರ.

ಆಕಿ ಅನ್ನುವುದು ಇದು. ಸೋಡಚೀಟಿ ಕೊಡುತ್ತೇನೆ. ಆದರೆ ನೀವು ಮೊದಲು ರಕ್ತ ತೋರಿಸಬೇಕು, ಸೂಜಿ ಮಾಡಿಸಬೇಕು. ಬನ್ನಿ ಹಬ್ಬದೊಳಗೆ ನಿಮ್ಮಿಂದ ಪತ್ರ ಬರದಿದ್ದರೆ ನಾನು ಮತ್ತೊಮ್ಮೆ ಆ ಅಂಗಳಕ್ಕೆ ಹೋಗಿ ನೀರು ಕೇಳುತ್ತೇನೆ. ಆಗ ನನ್ನ ಹೆಸರೂ ಹೇಳುತ್ತೇನೆ, ನಿಮ್ಮ ಹೆಸರೂ ಹೇಳುತ್ತೇನೆ. ಒಡಪು ಹಾಕುವುದಿಲ್ಲ.

ಮಹಾನಂದಾ


ಬೈಲಹೊಂಗಲ,
9 ಅಕ್ಟೋಬರ್ 2024

ಮಹಾನಂದಾಗ,

ಇಲ್ಲೇ ತೋರಿಸಿದ್ರ ಮಂದಿ ನೋಡ್ತಾರಂತ ಸವದತ್ತಿಗೆ ಹೋಗಿದ್ದೆ. ಅಲ್ಲೂ ಒಬ್ಬ ಕಬ್ಬಿನ ಗಾಡಿಯವ ಸಿಕ್ಕ. ಅಂವ ನನ್ನ ನೋಡಿ ಮಾರಿ ತಿರುವಿದ, ನಾ ಅವನ್ನ ನೋಡಿ ತಿರುವಿದೆ. ಆಮ್ಯಾಲ ಒಂದ ಬೆಂಚಿನ ಮ್ಯಾಲ ಕುಂತಿವಿ. "ನಿಂದೂ ಉಷ್ಣೇನ?" ಅಂದ. ಹೂಂ ಅಂದೆ. ಇಬ್ಬರೂ ನಕ್ಕಿವಿ. ಭಾಳ ದಿನಕ್ಕ ನಕ್ಕೆ.

ಎರಡೂ ಅದಾವು ನನಗ. ನಿನ್ನ ಜೋಡಿ ಎತ್ತು.

ಒಂದಕ್ಕ ಸೂಜಿ ಮಾಡ್ಯಾರ, ಅದು ಹೋಗ್ತೈತಿ. ಇನ್ನೊಂದಕ್ಕ ಮಾತ್ರೆ ಕೊಟ್ಟಾರ, ಇರೂತನಕ ತುಗೋಬೇಕು. ತಪ್ಪಸದ ತುಗೊಂಡ್ರ ಎಲ್ಲಾರಂಗ ಬಾಳಬಹುದು ಅಂದ್ರು. ನಾ ಕೇಳಿದ್ದ ಒಂದ ಮಾತು, ನನ್ನ ಹೆಂಡತಿಗೆ ಇಲ್ಲ ಅಂತ ಬಂದೈತಿ, ಅದು ಖರೇನಾ ಅಂತ. ಎಂದಿನಿಂದ ಬ್ಯಾರೆ ಇದ್ದೀರಿ ಅಂತ ಲೆಕ್ಕ ಹಾಕಿ, ಖರೆ, ಆಕಿ ಪಾರಾಗ್ಯಾಳ ಅಂದ್ರು. ಹೊರಗ ಬಂದ ಪೈಪಿನ ಕಡೆ ನಿಂತ ಮಾರಿ ತೊಳ್ಕೊಂಡೆ.

ನೀ ಕೇಳಿಲ್ಲ, ಆದ್ರೂ ಹೇಳ್ತೇನಿ. ಫ್ಯಾಕ್ಟರಿ ಮುಂದ ಗಾಡಿ ಸಾಲ ಹಚ್ಚಿದ್ರ ಎರಡೆರಡ ದಿನ ಪಾಳಿ ಬರ್ತಿರಲಿಲ್ಲ. ಅಲ್ಲಿ ದಾರ್ಯಾಗ ಒಂದ ಮನಿ ಇತ್ತು. ಅಷ್ಟ. ಆಕೀನ್ನ ಬೈಯಾಕ ನನಗ ಬಾಯಿಲ್ಲ, ಆಕಿಗೂ ನನ್ನಂಥವನ ಯಾವನೋ ಕೊಟ್ಟಿರ್ತಾನ.

ಬಂದ ದಿನಾನ ಅವ್ವಗ ಹೇಳಿದೆ. ಕಡಬಿನ ಹಿಟ್ಟ ನಾದಾಕತ್ತಿದ್ಲು. ಮುನವಳ್ಳಿಗೆ ಹೋಗೂ ಮಾತ ತಗದ್ಲು. ನಾ ಅಂದೆ, "ಅವ್ವಾ, ಹಾವಲ್ಲ ಅದು. ನಾನ."

ತಿಳೀಲಿಲ್ಲ ಆಕಿಗೆ. ಮತ್ತ ಹೇಳಿದೆ. ಎಲ್ಲಾ ಹೇಳಿದೆ. ಹಿಟ್ಟಿನ ಕೈಲೆ ಕಪಾಳಕ್ಕ ಹೊಡದ್ಲು. ಸಣ್ಣಾಂವ ಇದ್ದಾಗ ಸುದ್ದಾ ಹೊಡದಿದ್ದಿಲ್ಲ. ಹೊಡದ ಆ ಹಿಟ್ಟ ನನ್ನ ಗಲ್ಲದ ಮ್ಯಾಲಿಂದ ಸೆರಗಿಲೆ ತಾನ ಒರಸಿದ್ಲು.

"ಮುನವಳ್ಳಿಯವರಿಗೆ ಏನಂತ ಹೇಳ್ಲಿ?" ಅಂದ್ಲು.

"ಖರೇ ಹೇಳು" ಅಂದೆ.

ನೀ ಬರಬ್ಯಾಡ. ಸೋಡಚೀಟಿ ನಾನ ಬರದ ಕಳಸ್ತೇನಿ, ನೀ ಬರಿಯೂದ ಬ್ಯಾಡ. ತಪ್ಪ ನಂದ ಅಂತನ ಬರೀತೇನಿ. ನಿನಗಿನ್ನೂ ವಯಸ್ಸೈತಿ.

ಕೂಸಿನ ಮಾರಿ ದಿನಾ ಕಾಣ್ತೈತಿ.

ಅರ್ಜುನ


ಬೈಲಹೊಂಗಲ,
29 ಅಕ್ಟೋಬರ್ 2024

ಮಗಳ ಮಹಾನಂದಾಗ ನಿಮ್ಮತ್ತಿ ಶಟ್ಟೆವ್ವನ ಆಶೀರ್ವಾದ. ಹೇಳಿದ್ದ ಹೇಳಿದಂಗ ಬರಿ ಅಂತ ಲಗಮಪ್ಪಗ ಹೇಳೇನಿ. ಅವಗ ಅರ್ಜುನ ಎಲ್ಲಾ ಹೇಳ್ಯಾನ. ಅಂಗಡಿ ಬಾಗಲಾ ಹಾಕ್ಕೊಂಡ ಬರಿಯಾಕತ್ತಾನ.

ನಾಗಪ್ಪನ ಮ್ಯಾಲ ಹಾಕಿದೆ, ನಿನ್ನ ಮ್ಯಾಲ ಹಾಕಿದೆ. ನನ್ನ ಹೊಟ್ಟ್ಯಾಗಿನವನ ಮ್ಯಾಲ ಹಾಕಾಕ ನನಗ ಮನಸ ಬರಲಿಲ್ಲ. ದೇಗಾಂವದ ಭಟ್ಟರು ಶಾಂತಿ ಮುಗಿಸಿ, "ಅವ್ವಾ, ಕೂಸಿನ ಸಲುವಾಗಿ ಡಾಕ್ಟರು ಏನಂದ್ರು?" ಅಂತ ಕೇಳಿದ್ರು. ಡಾಕ್ಟರ್ ಬಾಯಿ ಕೂಸಿನ ಅಪ್ಪನ ಕೈ ಸಲುವಾಗಿ ಕೇಳಿದ್ದ ನನ್ನ ಕಿವಿಗೆ ಬಿದ್ದಿತ್ತು, ಆದ್ರೂ ಏನೂ ಅಂದಿಲ್ರಿ ಅಂತ ಸುಳ್ಳ ಹೇಳಿ ಬಂದೆ.

ಮುನವಳ್ಳಿಗೆ ನಾನ ಹೋಗಿದ್ದೆ. ಖರೇ ಹೇಳಿದೆ. ಆ ಮುದುಕಿ ಬಾಯಿಗೆ ಬಂದಂಗ ಬೈದ್ಲು. ಬೈಸ್ಕೊಂಡ ಕುಂತೆ. ಹುಡುಗಿ ಒಳಗಿಂದ ಬಂದ, "ಹೋದ ತಿಂಗಳ ನೀರ ಕುಡಿಯಾಕ ಬಂದಾಕಿ ಆಕಿನೇನ್ರಿ?" ಅಂತ ಕೇಳ್ತು. ನನಗೇನ ಗೊತ್ತು? ಗೊತ್ತಿಲ್ಲವಾ ಅಂದೆ. ನೀನೇನ?

ಅಂವ ಮಾತ್ರೆ ತುಗೋತಾನ. ಗಂಗಾಳ ಬ್ಯಾರೆ ಇಡು, ಚರಗಿ ಬ್ಯಾರೆ ಇಡು ಅಂದ. ಅವನ ಗಂಗಾಳದಾಗ ಕೈ ಹಾಕಿ ನಾ ಉಂಡೆ. ಉಂಡ್ರ ಬರೂದಲ್ಲಂತ, ಆಸ್ಪತ್ರ್ಯಾಗ ನಾನ ಕೇಳ್ಕೊಂಡ ಬಂದೇನಿ. (ಉಣ್ಣೂ ಮುಂದ ಇಬ್ಬರೂ ಅಳಾಕತ್ತಿದ್ರು. ನಾ ಅಲ್ಲೇ ಇದ್ದೆ. ಇದ ನಾ ಬರದದ್ದು, ಲಗಮಪ್ಪ.)

ನಿನ್ನ ಕುಬಸದ ಹಸರ ಸೀರಿ ಇಲ್ಲೇ ಉಳಿದಿತ್ತು. ಸುನೀಲ ಹಬ್ಬದ ಸಂತಿಗೆ ಬಂದಾಗ ಅವನ ಕೈಯಾಗ ಕೊಡ್ತೇನಿ. ಅದನ್ನ ಉಡಸಿದಾಕಿ ನಾನ, ಇಟಗೊಳ್ಳಾಕ ನನಗ ಹಕ್ಕಿಲ್ಲ.

ಬಾ ಅನ್ನಾಕ ಬಾಯಿಲ್ಲ. ಬರಬ್ಯಾಡ ಅನ್ನಾಕೂ ಬಾಯಿಲ್ಲ.

ಶಟ್ಟೆವ್ವ (ಹೆಬ್ಬಟ್ಟು)


ಸುರೇಬಾನ,
20 ನವೆಂಬರ್ 2024

ಅರ್ಜುನ,

ನೀಟಾಗಿ ಬಂತು ನೋಡು ಹೆಸರು. ಮನೆಯವರು ಎಂದು ಬರೆಯಲು ಹೋದೆ, ಯಾವ ಮನೆ ಎಂದು ಕೈ ನಿಂತಿತು. ಹೆಸರು ಬರೆದು ಒಂದು ಸಲ ಬಾಯಿಬಿಟ್ಟು ಹೇಳಿಯೂ ನೋಡಿದೆ. ಅವ್ವ ಒಳಗಿನಿಂದ, "ಯಾರ ಬಂದಾರಽ?" ಎಂದಳು. ಯಾರೂ ಇಲ್ಲ ಎಂದೆ.

ನಿನ್ನ ಸೋಡಚೀಟಿ ಬಂತು. ತಪ್ಪು ನಂದು ಎಂದು ಬರೆದದ್ದನ್ನು ಸುನೀಲ ಓದಿದ. ಇಷ್ಟು ದಿನ ನಿನ್ನನ್ನು ಬೈಯುತ್ತಿದ್ದವನು ಅಂದು ಕಾಗದ ಮಡಚಿ ನನ್ನ ಕೈಗೆ ಕೊಟ್ಟ. ಹೊಲದ ಕಡೆ ಹೋಗಿ ಕತ್ತಲಾದ ಮೇಲೆ ಬಂದ. ಅವ್ವನಿಗೂ ಈಗ ಗೊತ್ತು. ಅವಳು ಮಾಡಿದ್ದು ಒಂದೇ, ನನ್ನ ಎರಡೂ ಕೈ ತಿರುಗಿಸಿ ಅಂಗೈ ನೋಡಿದಳು. ಆಮೇಲೆ ಎಣ್ಣೆ ಹಚ್ಚಿದಳು.

ಬೈಲಹೊಂಗಲಕ್ಕೆ ನಾನು ಬರುವುದಿಲ್ಲ. ಸಿಟ್ಟಿಗಲ್ಲ. ಸಿಟ್ಟು ಇದೆ, ಆದರೆ ಅದಕ್ಕಲ್ಲ. ಮಾತ್ರೆ ತಪ್ಪಿಸದೆ ತೆಗೆದುಕೊಂಡು, ಪರೀಕ್ಷೆಯಲ್ಲಿ ರೋಗದ ಹುಳ ಕಾಣದಷ್ಟು ಕಡಿಮೆಯಾದರೆ ಇನ್ನೊಬ್ಬರಿಗೆ ದಾಟುವುದಿಲ್ಲ, ಮಕ್ಕಳೂ ಆಗಬಹುದು ಎಂದು ಮಂಜುಳಾ ಹೇಳಿದಳು. ಅಂದರೆ ಅಂಜಿಕೆಯೂ ಕಾರಣವಲ್ಲ. ಆ ಮನೆಯಲ್ಲಿ ನನ್ನನ್ನು ಒಮ್ಮೆಯೂ ಯಾರೂ ಕೇಳಲಿಲ್ಲ. ಕೇಳದ ಮನೆಗೆ ಹೋಗಿ ಮತ್ತೆ ಹೇಗೆ ಕೂರಬೇಕೋ ನನಗೆ ಗೊತ್ತಾಗುತ್ತಿಲ್ಲ. ಈಗ ಹತ್ತಿ ಬಿಡಿಸಲು ಹೋಗುತ್ತೇನೆ. ಹೆಣ್ಣುಮಕ್ಕಳು ಜೊತೆಗೆ ಕರೆಯುತ್ತಾರೆ. ಮಾತಾಡುತ್ತಾರೆ, ಆದರೆ ತಮ್ಮ ಕೂಸುಗಳನ್ನು ನನ್ನ ಕೈಗೆ ಕೊಡುವುದಿಲ್ಲ. ನಾನೂ ಕೇಳುವುದಿಲ್ಲ.

ಅತ್ತೆಯವರ ಸೀರೆ ಮುಟ್ಟಿತು. ಉಟ್ಟಿಲ್ಲ, ಕೊಟ್ಟುಬಿಟ್ಟೂ ಇಲ್ಲ. ನೀರು ಕುಡಿಯಲು ಹೋದವಳು ನಾನೇ ಎಂದು ಅವರಿಗೆ ಹೇಳು. ಸಪ್ನಾಗೂ ತಿಳಿಯಲಿ, ಅವಳ ಬೆಲ್ಲ ತಿಂದಿದ್ದೇನೆ.

ಈಗ ಈ ಪತ್ರ ಬರೆದ ಕಾರಣ. ಕೂಸನ್ನು ಇಟ್ಟದ್ದು ನಮ್ಮ ಹೊಲದ ಬದುವಿನಲ್ಲಿ, ಬಾರಿಗಿಡದ ಕೆಳಗೆ. ಅಂದು ನೀನು ಹೊಲದವರೆಗೆ ಬರಲಿಲ್ಲ, ಊರ ಅಗಸಿ ಬಾಗಿಲಿನಿಂದಲೇ ತಿರುಗಿದೆ. ಈ ಸಲದ ಮಳೆಗೆ ಮಣ್ಣು ಕುಸಿದು ನೆಲ ಸಮ ಆಗಿದೆ. ಗುರುತಿಗೆ ಎಂದು ಒಂದು ಕಲ್ಲು ಇಟ್ಟಿದ್ದೆ, ಯಾರೋ ಬದುವಿಗೆ ಬೇಕೆಂದು ಒಯ್ದಿದ್ದಾರೆ. ನನಗೆ ಜಾಗ ಗೊತ್ತಿದೆ. ಆದರೆ ಒಬ್ಬಳೇ ಗೊತ್ತಿಟ್ಟುಕೊಳ್ಳುವುದು ಕಷ್ಟವಾಗುತ್ತಿದೆ. ಒಂದೊಂದು ದಿನ ಕೂಸು ಇದ್ದದ್ದೇ ಸುಳ್ಳೇನೋ ಅನ್ನಿಸುತ್ತದೆ.

ಕರೆಯಲು ಬಾ ಅನ್ನುತ್ತಿಲ್ಲ. ಒಂದು ಸಲ ಬಾ. ಸವದತ್ತಿಗೆ ಮಾತ್ರೆಗೆ ಬಂದ ದಿನ ಹಾಗೇ ರಾಮದುರ್ಗದ ಬಸ್ಸು ಹಿಡಿ. ಸುರೇಬಾನದಲ್ಲಿ ಇಳಿದು ಯಾರನ್ನೂ ದಾರಿ ಕೇಳಬೇಡ. ನಾನು ನಿಂತಿರುತ್ತೇನೆ.

ಅದರ ಮುಖ ಹೇಗಿತ್ತು ಎಂದು ನೀನು ನನಗೆ ಹೇಳು. ಕೈ ಹೇಗಿದ್ದವು ಎಂದು ನಾನು ನಿನಗೆ ಹೇಳುತ್ತೇನೆ.

ಮಹಾನಂದಾ